ಕಳವಾರ ಬೆಟ್ಟದ ಚಾರಣ, ಊರಿನವರ ಸಂಪಾದನೆ

ಚಿಕ್ಕಬಳ್ಳಾಪುರದ ಮಗ್ಗುಲಲ್ಲಿರುವ ಸ್ಕಂದಗಿರಿಯನ್ನು ಸುತ್ತಲಿನ ಹಳ್ಳಿಗಳ ಜನ ಕಳವಾರ ಬೆಟ್ಟ ಎಂದೇ ಕರೆಯುತ್ತಾರೆ. ಸುಮಾರು 1,450 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ಪಾಳುಬಿದ್ದ ಕೋಟೆಯಿದೆ, ಬುಡದಲ್ಲಿ ಪಾಪಾಗ್ನಿ ಮಠವಿದೆ. ಮೋಡದ ಹಾಸಿನ ಮೇಲೆ ಸೂರ್ಯ ಮೂಡುವುದನ್ನು ನೋಡಲು ಬೆಂಗಳೂರಿನ ಯುವಜನ ಇಲ್ಲಿಗೆ ಬರತೊಡಗಿದ ಮೇಲೆ ಬುಡದ ಕಳವಾರ ಊರಿನ ಕೆಲವು ಮನೆಗಳಿಗೆ ಹೊಸದೊಂದು ಸಂಪಾದನೆ ಹುಟ್ಟಿಕೊಂಡಿತು.

ಮೊದಮೊದಲು ಈ ದುಡಿಮೆಗೆ ಕಟ್ಟುಪಾಡುಗಳಿರಲಿಲ್ಲ. ಊರಿನ ಹುಡುಗರು ಟಾರ್ಚ್ ಹಿಡಿದು ನಡುರಾತ್ರಿಯಲ್ಲಿ ದಾರಿ ತೋರಿಸುತ್ತಿದ್ದರು. ಇನ್ನು ಕೆಲವರು ಸ್ಟೌ, ನೀರು, ಮೊಟ್ಟೆ ಹೊತ್ತು ಹತ್ತಿ, ತುದಿಯಲ್ಲಿ ಚಹಾ, ಆಮ್ಲೆಟ್, ಮ್ಯಾಗಿ ಮಾಡಿ ಮಾರುತ್ತಿದ್ದರು. ಆಮೇಲೆ ಅರಣ್ಯ ಇಲಾಖೆ ರಾತ್ರಿ ಚಾರಣವನ್ನು ನಿಲ್ಲಿಸಿ, ಆನ್‌ಲೈನ್ ಟಿಕೆಟ್ ಮತ್ತು ಸ್ಥಳೀಯ ಮಾರ್ಗದರ್ಶಕರ ವ್ಯವಸ್ಥೆಯನ್ನು ತಂದಿತು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ರಾಜ್ಯದ ಅರಣ್ಯ ಚಾರಣಗಳ ನಿಯಮಗಳು ಇನ್ನಷ್ಟು ಬಿಗಿಯಾದವು. ಅದೇ ವರ್ಷ ಟಿಕೆಟ್ ಕಾಯ್ದಿರಿಸಲು ‘ಅರಣ್ಯ ವಿಹಾರ’ ಜಾಲತಾಣ ಬಂತು.

ಬೆಟ್ಟಕ್ಕೂ ಕಾಡಿಗೂ ಈ ನಿಯಮಗಳಿಂದ ಒಳ್ಳೆಯದೇ ಆಗಿದೆ. ಬೇಸಿಗೆಯಲ್ಲಿ ಇಲ್ಲಿನ ಒಣಹುಲ್ಲು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಆದರೆ ಊರಿನ ಲೆಕ್ಕ ಬೇರೆ. ಮಾರ್ಗದರ್ಶಕನಾದವನಿಗೆ ಕೆಲಸಕ್ಕೊಂದು ಗುರುತು ಸಿಕ್ಕಿತು, ತುದಿಯಲ್ಲಿ ಚಹಾ ಮಾರುತ್ತಿದ್ದವನ ವ್ಯಾಪಾರ ಕೈತಪ್ಪಿತು. ನಿಯಮ ಮಾಡುವಾಗ ಎರಡನೆಯವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ಇದಕ್ಕಿಂತ ದೊಡ್ಡ ತೊಡಕು ಹೊತ್ತಿನದು. ಚಾರಣಿಗರು ಊರು ಏಳುವ ಮುಂಚೆ ಬರುತ್ತಾರೆ, ಬಿಸಿಲೇರುವಷ್ಟರಲ್ಲಿ ಇಳಿದು ಹೊರಟುಬಿಡುತ್ತಾರೆ. ಗುಂಪು ಕಟ್ಟಿಕೊಂಡು ಬರುವವರು ವಾಹನ, ತಿಂಡಿ ಎಲ್ಲದಕ್ಕೂ ಬೆಂಗಳೂರಿನ ಸಂಸ್ಥೆಗೇ ಹಣ ಕಟ್ಟಿರುತ್ತಾರೆ. ಉಳಿದವರ ತಿಂಡಿ ಹೆದ್ದಾರಿಯ ಹೋಟೆಲ್‌ಗಳಲ್ಲಿ. ಹೀಗಾಗಿ ಊರಿನಲ್ಲಿ ಉಳಿಯುವುದು ಮಾರ್ಗದರ್ಶಕನ ಕೂಲಿ, ವಾಹನ ನಿಲ್ಲಿಸುವ ಕಾಸು ಮತ್ತು ಒಂದಿಷ್ಟು ಚಿಲ್ಲರೆ ವ್ಯಾಪಾರ. ಅದೂ ಹೆಚ್ಚಾಗಿ ಶನಿವಾರ, ಭಾನುವಾರಗಳ ಮಾತು.

ಆದ್ದರಿಂದಲೇ ಈ ಭಾಗದಲ್ಲಿ ಬೇಸಾಯ ಬಿಟ್ಟು ಚಾರಣವನ್ನೇ ನಂಬಿ ಬದುಕುವುದು ಕಷ್ಟ. ನದಿ ನೀರಿಲ್ಲದೆ ಕೊಳವೆಬಾವಿಯನ್ನೇ ನೆಚ್ಚಿಕೊಂಡ ಈ ಸೀಮೆಯಲ್ಲಿ ಮನೆ ನಡೆಯುವುದು ರೇಷ್ಮೆ, ದ್ರಾಕ್ಷಿ, ಹೂವು, ತರಕಾರಿ ಮತ್ತು ಡೇರಿ ಹಾಲಿನಿಂದ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಮೇಲೆ ಗೂಡು ಕಟ್ಟುವವರೆಗಿನ ಏಳೆಂಟು ದಿನ ಮನೆಮಂದಿಗೆಲ್ಲ ಬಿಡುವಿರುವುದಿಲ್ಲ. ಬೆಳಗಿನ ಜಾವದಲ್ಲೇ ಸೊಪ್ಪು ಕೊಯ್ದು ತರಬೇಕು. ಆ ದಿನಗಳಲ್ಲಿ ಬೆಟ್ಟಕ್ಕೆ ಹೋದವನ ಕೆಲಸ ಮನೆಯ ಹೆಂಗಸರ ಮೇಲೆ ಬೀಳುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿದಾಗ ಮಾತ್ರ ಬೆಟ್ಟದ ಆ ಪುಟ್ಟ ಆದಾಯ ಆಸರೆಯಾಗುತ್ತದೆ.

ಪ್ರವಾಸವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನೆರೆಯ ನಂದಿಬೆಟ್ಟ ಕಂಡಿದೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು, ರಸ್ತೆ ಕೊಚ್ಚಿಹೋಗಿ, ಕೆಲವು ತಿಂಗಳು ಬೆಟ್ಟಕ್ಕೆ ಪ್ರವೇಶವೇ ಇರಲಿಲ್ಲ. ಸೀಬೆಕಾಯಿ, ಕಡಲೆಕಾಯಿ, ಜೋಳ ಮಾರುವವರಿಗೆ ಅಷ್ಟು ದಿನವೂ ವ್ಯಾಪಾರವಿರಲಿಲ್ಲ. 2023ರ ಮಾರ್ಚ್‌ನಲ್ಲಿ ಅಲ್ಲಿನ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ಸುಮಾರು 3 ಕಿಲೋಮೀಟರ್ ಉದ್ದದ ತಂತಿಯ ಮೇಲೆ ಜನ ಸಾಗತೊಡಗಿದರೆ ರಸ್ತೆಯ ಇಕ್ಕಟ್ಟು ಕಡಿಮೆಯಾಗುತ್ತದೆ; ದಾರಿಬದಿಯ ವ್ಯಾಪಾರಿಗಳಿಗೆ ಕೆಳಗಿನ ನಿಲ್ದಾಣದಲ್ಲಿ ಜಾಗ ಸಿಗದಿದ್ದರೆ ಅವರ ದುಡಿಮೆಯೂ ಕಡಿಮೆಯಾಗುತ್ತದೆ.

ಜಿಲ್ಲೆಯ ಬೇರೆ ಬೆಟ್ಟಗಳಿಗೂ ಚಾರಣಿಗರು ಬರತೊಡಗಿದ್ದಾರೆ. ಹೊರಚಾಚಿದ ಬಂಡೆಯ ಫೋಟೊಗಳಿಂದ ಹೆಸರಾದ ಆವಲಬೆಟ್ಟಕ್ಕೆ ಮೊದಲು ಬರುತ್ತಿದ್ದವರು ಅಲ್ಲಿನ ನರಸಿಂಹಸ್ವಾಮಿಯ ಭಕ್ತರು. ಚಿಂತಾಮಣಿ ಕಡೆಯ ಅಂಬಾಜಿದುರ್ಗಕ್ಕೂ ಬಂಡೆ ಕೊರೆದು ಮಾಡಿದ ಗುಹಾಲಯಗಳ ಕೈಲಾಸಗಿರಿಗೂ ಈಗ ಬೆಟ್ಟ ಹತ್ತುವ ಹುಮ್ಮಸ್ಸಿನವರು ಬರುತ್ತಾರೆ. ಗೌರಿಬಿದನೂರಿನಲ್ಲಿ ಚಾರಣಕ್ಕಿಂತ ವಿದುರಾಶ್ವತ್ಥದ ಯಾತ್ರೆಯೇ ಮುಂದು.

ಜಿಲ್ಲೆಯ ಕಲ್ಲುಗುಡ್ಡಗಳಿಂದ ಬರುವ ಇನ್ನೊಂದು ಆದಾಯ ಕ್ವಾರಿಯದು. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ಸ್ಫೋಟಕ ಸಿಡಿದು ಆರು ಜನ ಸತ್ತರು. ಕ್ವಾರಿ ಕರಗಿಸಿದ ಗುಡ್ಡ ಮತ್ತೆ ಬರುವುದಿಲ್ಲ. ಚಾರಣಿಗರು ಹತ್ತಿಳಿದ ಗುಡ್ಡ ಮರುವಾರವೂ ಇರುತ್ತದೆ. ಟಿಕೆಟ್ ಹಣದಲ್ಲಿ ಗ್ರಾಮ ಅರಣ್ಯ ಸಮಿತಿಗೆ ಖಚಿತ ಪಾಲು, ಬುಡದಲ್ಲಿ ಊರಿನ ಮಹಿಳಾ ಸಂಘಗಳ ಊಟದ ಮನೆ, ಮಾರ್ಗದರ್ಶಕರಿಗೆ ವಿಮೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ — ಇಷ್ಟಾದರೆ ಚಾರಣಿಗರು ತರುವ ಹಣದ ಹೆಚ್ಚಿನ ಭಾಗ ಕಳವಾರದಲ್ಲೇ ಉಳಿಯುತ್ತದೆ.