ಯಾವ ಸೆಕ್ಷನ್, ಸರ್?

1860ರ ಭಾರತೀಯ ದಂಡ ಸಂಹಿತೆಯಲ್ಲಿ ಬರೆದಿಟ್ಟ ಒಂದು ಮೊತ್ತ 2024ರ ಜೂನ್ 30ರವರೆಗೂ ಹಾಗೆಯೇ ಉಳಿದಿತ್ತು. ಕುಡಿದ ಅಮಲಿನಲ್ಲಿ ಸಾರ್ವಜನಿಕ ಸ್ಥಳಕ್ಕೆ ಬಂದು ಇನ್ನೊಬ್ಬರಿಗೆ ಕಿರಿಕಿರಿ ಮಾಡಿದವರಿಗೆ 24 ಗಂಟೆಯವರೆಗೆ ಸಾದಾ ಸಜೆ, ಇಲ್ಲವೇ ಹತ್ತು ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು 510ನೇ ಸೆಕ್ಷನ್. ಮರುದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಸೆಕ್ಷನ್ ದಂಡದ ಮಿತಿಯನ್ನು ಸಾವಿರ ರೂಪಾಯಿಗೆ ಏರಿಸಿತು, ಸಮುದಾಯ ಸೇವೆಯನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿತು. ಆಗಲೂ ಈಗಲೂ ಇದು ಅಸಂಜ್ಞೇಯ ಅಪರಾಧ. ಈ ಒಂದು ಸೆಕ್ಷನ್ ಹಿಡಿದುಕೊಂಡು ವಾರಂಟ್ ಇಲ್ಲದೆ ಯಾರನ್ನೂ ಬಂಧಿಸುವಂತಿಲ್ಲ.

ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಪೊಲೀಸರ ಕೈಗೆ ಸಿಕ್ಕಿಬಿದ್ದು ಬಂದವರನ್ನು ಮಾತಾಡಿಸಿದರೆ ಈ ಹತ್ತು ರೂಪಾಯಿಯ ಸುದ್ದಿಯೂ ಬರುವುದಿಲ್ಲ, ಸಾವಿರ ರೂಪಾಯಿಯ ಸುದ್ದಿಯೂ ಬರುವುದಿಲ್ಲ. ‘ಸ್ಟೇಷನ್‌ಗೆ ನಡಿ ಅಂದ್ರು, ಕೈಕಾಲು ಹಿಡ್ಕೊಂಡೆ, ಬಿಟ್ರು’ ಎನ್ನುತ್ತಾರೆ. ಯಾವ ತಪ್ಪಿಗೆ ಹಿಡಿದರು, ಯಾವ ಕಾನೂನಿನಡಿ ಬಿಟ್ಟರು, ಕೊಟ್ಟ ದುಡ್ಡಿಗೆ ರಸೀದಿ ಸಿಕ್ಕಿತೇ ಎಂಬ ಪ್ರಶ್ನೆಗಳು ಅವರಿಗೆ ಹೊಳೆಯುವುದೇ ಇಲ್ಲ. ಹೊಳೆದರೂ ಕೇಳುವ ಧೈರ್ಯ ಇರುವುದಿಲ್ಲ. ನಮ್ಮಲ್ಲಿ ಬಹುತೇಕರು ಬದುಕಿಡೀ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಸರ್ಕಾರ ಮತ್ತು ಕಾನೂನು ನಮಗೆ ಮುಖಾಮುಖಿಯಾಗುವುದು ಇಂಥ ಐದು ನಿಮಿಷಗಳಲ್ಲೇ. ಅದಕ್ಕೇ ಆ ಐದು ನಿಮಿಷ ಹೇಗಿರುತ್ತದೆ ಎನ್ನುವುದು ದೊಡ್ಡ ವಿಷಯ ಎಂದು ನಾನು ನಂಬಿದ್ದೇನೆ.

ಕುಡಿತದಿಂದಲೇ ಶುರು ಮಾಡೋಣ. ಸಂಜೆ ಏಳರ ಮೇಲೆ ಪೀಣ್ಯದ ಕಡೆಯೋ ಬೊಮ್ಮನಹಳ್ಳಿಯ ಕಡೆಯೋ ಯಾವುದೇ ವೈನ್ಸ್ ಅಂಗಡಿಯ ಮುಂದೆ ನಿಂತು ನೋಡಿ. ಕೆಲಸ ಬಿಟ್ಟು ಬಂದವರು ಎಂಆರ್‌ಪಿ ದರಕ್ಕೆ ತೊಂಬತ್ತು ಎಂಎಲ್‌ನ ಟೆಟ್ರಾ ಪ್ಯಾಕ್ ಕೊಳ್ಳುತ್ತಾರೆ. ಪಕ್ಕದಲ್ಲೇ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ನೆಂಚಿಕೊಳ್ಳಲು ಬೇಯಿಸಿದ ಮೊಟ್ಟೆ, ಕಡಲೆಬೀಜ ಮಾರುವ ಗಾಡಿ ಇರುತ್ತದೆ. ಅಂಗಡಿಗೆ ಇರುವುದು ಸಿಎಲ್-2 ಲೈಸೆನ್ಸು. ಅದರಡಿ ಮಾರಬಹುದು, ಅಲ್ಲೇ ಕುಡಿಸುವಂತಿಲ್ಲ. ಕೂತು ಕುಡಿಯಲು ಸಿಎಲ್-9 ಲೈಸೆನ್ಸಿನ ಬಾರ್ ಆಂಡ್ ರೆಸ್ಟೊರೆಂಟ್‌ಗೇ ಹೋಗಬೇಕು, ಅಲ್ಲಿ ಅದೇ ಮದ್ಯಕ್ಕೆ ಹೆಚ್ಚು ದುಡ್ಡು ತೆರಬೇಕು. ದಿನಗೂಲಿಯವನು ಅಂಗಡಿಯಿಂದ ಹತ್ತು ಹೆಜ್ಜೆ ಆಚೆ ಹೋಗಿ, ಗೋಡೆಗೆ ಮುಖ ಮಾಡಿ, ಎರಡು ಗುಟುಕಿಗೆ ಮುಗಿಸುತ್ತಾನೆ. ಆ ಹತ್ತು ಹೆಜ್ಜೆಯಲ್ಲಿ ಅವನು ಗಿರಾಕಿಯಿಂದ ಆರೋಪಿಯಾಗುತ್ತಾನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15-ಎ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದನ್ನು ನಿಷೇಧಿಸುತ್ತದೆ.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿಯುವ ಬಡವರು ನಿಲ್ಲಲಿಲ್ಲ, ಅಗ್ಗದ ವಿಸ್ಕಿಗೆ ಬಂದರು. 2025–26ರ ರಾಜ್ಯ ಬಜೆಟ್ ಅಬಕಾರಿ ಇಲಾಖೆಗೆ ಕೊಟ್ಟ ಆದಾಯದ ಗುರಿ 40,000 ಕೋಟಿ ರೂಪಾಯಿ. ಈ ಹಣದಲ್ಲಿ ಗೋಡೆಗೆ ಮುಖ ಮಾಡಿ ಕುಡಿದವನ ಪಾಲೂ ಇದೆ. ಅವನಿಂದ ತೆರಿಗೆ ಪಡೆಯುವ ಸರ್ಕಾರ ಅವನಿಗೆ ಕೂರಲು ಒಂದು ಬೆಂಚಿನಷ್ಟೂ ಜಾಗ ಯೋಚಿಸಿಲ್ಲ. ಅದೇ ಸರ್ಕಾರ 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬಾರುಗಳನ್ನು ರಾತ್ರಿ ಒಂದು ಗಂಟೆಯವರೆಗೆ ತೆರೆದಿಡಲು ಅನುಮತಿ ಕೊಟ್ಟಿತು. ಇಂದಿರಾನಗರದ ಪಬ್ಬಿನಿಂದ ಒಂದು ಗಂಟೆಗೆ ಹೊರಬಂದು ಕ್ಯಾಬ್ ಹತ್ತುವವರಿಗೂ, ಒಂಬತ್ತು ಗಂಟೆಗೆ ಗೋಡೆ ಪಕ್ಕ ನಿಂತವನಿಗೂ ಹೊಟ್ಟೆಯೊಳಗೆ ಇರುವುದು ಒಂದೇ ಪದಾರ್ಥ. ಟಾರ್ಚಿನ ಬೆಳಕು ಬೀಳುವುದು ಎರಡನೆಯವನ ಮುಖಕ್ಕೆ.

ಹಾಗೆಂದು ಬೀದಿ ಕುಡಿತವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ವೈನ್ಸ್ ಅಂಗಡಿಯ ಮುಂದೆ ಹಾದು ಟ್ಯೂಷನ್ ಮುಗಿಸಿ ಮನೆಗೆ ಬರುವ ಹುಡುಗಿಯನ್ನು ಕೇಳಿದರೆ ಅವಳು ಬೇರೆಯೇ ಕತೆ ಹೇಳುತ್ತಾಳೆ. ಪಾರ್ಕಿನ ಕಲ್ಲುಬೆಂಚಿನ ಕೆಳಗೆ ಒಡೆದ ಬಾಟಲಿ ಹೆಕ್ಕುವ ಪೌರಕಾರ್ಮಿಕ ಮಹಿಳೆಯ ಬೆರಳು ಕೊಯ್ದಿರುತ್ತದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತಾ ನಡೆದುಬಂದ ಸಾವಿರಾರು ಹೆಣ್ಣುಮಕ್ಕಳ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಪೊಲೀಸರು ಬರಬೇಕು. ಬಂದು ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ.

ಕಾನೂನಿನ ಪ್ರಕಾರ ದಾರಿ ನೇರವಾಗಿದೆ. ಪೆಟ್ಟಿ ಕೇಸ್ ಹಾಕಬೇಕು, ಹೆಸರು ವಿಳಾಸ ಬರೆದುಕೊಳ್ಳಬೇಕು, ದಂಡದ ವಿಷಯ ಮ್ಯಾಜಿಸ್ಟ್ರೇಟರ ಮುಂದೆ ತೀರ್ಮಾನವಾಗಬೇಕು. ಆದರೆ ಈ ದಾರಿಯಲ್ಲಿ ಇಬ್ಬರಿಗೂ ಕಷ್ಟವಿದೆ. ಸಿಕ್ಕಿಬಿದ್ದವನಿಗೆ ಒಂದು ದಿನದ ಕೂಲಿ ಹೋಗುತ್ತದೆ, ಕಾನ್‌ಸ್ಟೇಬಲ್‌ಗೆ ಇನ್ನೊಂದಿಷ್ಟು ಬರವಣಿಗೆ ಮತ್ತು ಕೋರ್ಟಿನ ಓಡಾಟ ಬೀಳುತ್ತದೆ. ಹಾಗಾಗಿ ರಸ್ತೆಯಲ್ಲೇ ‘ಸೆಟಲ್’ ಮಾಡುವುದು ಇಬ್ಬರಿಗೂ ಸಲೀಸು ಅನ್ನಿಸುತ್ತದೆ. ಲಂಚ ಹುಟ್ಟುವುದು ಈ ಸಲೀಸಿನಲ್ಲಿ. ಹಬ್ಬಕ್ಕೆ ಬಂದೋಬಸ್ತು, ಮೆರವಣಿಗೆಗೆ ಬಂದೋಬಸ್ತು, ಮಂತ್ರಿಗಳ ಓಡಾಟಕ್ಕೆ ಬಂದೋಬಸ್ತು ಎಂದು ನಿಂತು ನಿಂತು ಕಾಲು ಬಾತ ಮನುಷ್ಯನೇ ರಾತ್ರಿ ಬೀಟಿಗೂ ಬರುತ್ತಾನೆ. ಅವನ ಸಿಡುಕಿಗೆ ಕಾರಣವಿದೆ. ಆ ಕಾರಣವನ್ನು ಒಪ್ಪಿದರೂ, ಕೈಲಾಗದವನ ಮೇಲೆ ಅದು ತಿರುಗುವುದನ್ನು ಒಪ್ಪಲಾಗುವುದಿಲ್ಲ.

2022ರ ಡಿಸೆಂಬರ್‌ನಲ್ಲಿ ನಡೆದದ್ದನ್ನು ಬೆಂಗಳೂರು ಮರೆಯಬಾರದು. ಮಾನ್ಯತಾ ಟೆಕ್ ಪಾರ್ಕ್ ಸಮೀಪ ಮಧ್ಯರಾತ್ರಿ ದಾಟಿದ ಮೇಲೆ ಹುಟ್ಟುಹಬ್ಬದ ಊಟ ಮುಗಿಸಿ ನಡೆದು ಮನೆಗೆ ಹೋಗುತ್ತಿದ್ದ ಗಂಡ ಹೆಂಡತಿಯನ್ನು ಇಬ್ಬರು ಪೊಲೀಸರು ತಡೆದರು. ರಾತ್ರಿ ಹನ್ನೊಂದರ ಮೇಲೆ ರಸ್ತೆಯಲ್ಲಿ ನಡೆಯುವುದೇ ತಪ್ಪು ಎಂದರು, ಫೋನು ತೆಗೆದುಕೊಂಡರು, ಕೊನೆಗೆ ಸಾವಿರ ರೂಪಾಯಿಯನ್ನು ಮೊಬೈಲ್ ಮೂಲಕ ಹಾಕಿಸಿಕೊಂಡು ಬಿಟ್ಟರು. ದಂಪತಿ ಅದನ್ನು ಟ್ವಿಟರ್‌ನಲ್ಲಿ ಬರೆದು ಪೊಲೀಸ್ ಆಯುಕ್ತರ ಗಮನಕ್ಕೆ ತಂದ ಮೇಲೆ ಆ ಇಬ್ಬರು ಅಮಾನತಾದರು. ಅಂಥ ಕಾನೂನೇ ಇಲ್ಲ ಎಂದು ಆ ಗಂಡ ಹೆಂಡತಿಗೆ ಆಮೇಲೆ ಗೊತ್ತಾಯಿತು. ಟ್ವಿಟರ್ ಖಾತೆ ಇಲ್ಲದ, ಇಂಗ್ಲಿಷಿನಲ್ಲಿ ದೂರು ಬರೆಯಲು ಬಾರದ ದಂಪತಿಗೆ ಇದೇ ಆಗಿದ್ದರೆ ಸುದ್ದಿ ಎಲ್ಲಿಗೆ ತಲುಪುತ್ತಿತ್ತು?

ಬಾಯಿಂದ ವಾಸನೆ ಬರುವುದು ಅಪರಾಧವಲ್ಲ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿದೆ. ಲೈಸೆನ್ಸಿರುವ ಬಾರಿನಲ್ಲಿ ಕುಡಿದು, ಯಾರ ತಂಟೆಗೂ ಹೋಗದೆ ಫುಟ್‌ಪಾತಿನಲ್ಲಿ ನಡೆದು ಹೋಗುವವರನ್ನು ತಡೆದು ಹೆದರಿಸಲು ಕಾರಣವಿಲ್ಲ. ಗಾಡಿ ಓಡಿಸಿದರೆ ಮಾತ್ರ ಲೆಕ್ಕ ಪೂರ್ತಿ ಬೇರೆ. ನೂರು ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್, ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಲ್ಲಿ ಯಾವ ಕನಿಕರವೂ ಬೇಡ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ವಾಹನ ತಡೆಯಬೇಡಿ ಎಂದು ಸಂಚಾರ ಪೊಲೀಸರಿಗೆ ಸೂಚಿಸಿದಾಗಲೂ ಕುಡಿದು ಓಡಿಸುವವರ ತಪಾಸಣೆಯನ್ನು ಹೊರಗಿಟ್ಟಿದ್ದರು. ಯಾವಾಗ ತಡೆಯಬೇಕು, ಯಾವಾಗ ತಡೆಯಬಾರದು ಎಂದು ಗೆರೆ ಎಳೆದು ಹೇಳುವುದು ಸಾಧ್ಯ ಎಂಬುದಕ್ಕೆ ಆ ಸೂಚನೆಯೇ ಸಾಕ್ಷಿ. ನಡೆದು ಹೋಗುವವರಿಗೂ ಅಷ್ಟೇ ಸ್ಪಷ್ಟವಾದ ಗೆರೆ ಬೇಕು.

ಬೀದಿಯಲ್ಲಿ ಕ್ಯಾಮೆರಾ ಹಿಡಿದವರನ್ನು ತಡೆಯುವ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಬೆಂಗಳೂರು ಅರ್ಧಕ್ಕರ್ಧ ದಂಡಿನ ಊರು. ಹಲಸೂರಿನ ಎಂಇಜಿ ಸೆಂಟರ್, ಜಾಲಹಳ್ಳಿ ಮತ್ತು ಯಲಹಂಕದ ವಾಯುನೆಲೆಗಳು, ಎಚ್‌ಎಎಲ್ ಕಾಂಪೌಂಡು ಎಲ್ಲ ಇರುವ ನಗರ ಇದು. ಅಲ್ಲಿನ ಗೋಡೆಗಳ ಮೇಲೆ ಫೋಟೊ ತೆಗೆಯಬಾರದು ಎಂಬ ಬೋರ್ಡು ಇದ್ದರೆ ಅದಕ್ಕೆ ಅರ್ಥವಿದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ‘ನಿಷೇಧಿತ ಸ್ಥಳ’ ಎಂದರೆ ಏನು ಎಂದು ವಿವರವಾಗಿ ಹೇಳುತ್ತದೆ. ಕಷ್ಟವೆಂದರೆ ಆ ಗೋಡೆಯ ನೆರಳು ಇಡೀ ಊರಿನ ಮೇಲೆ ಬಿದ್ದಿದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಚೆಂಡುಹೂವಿನ ರಾಶಿಯ ಚಿತ್ರ ತೆಗೆಯುವ ಕಾಲೇಜು ಹುಡುಗನಿಗೂ, ಮೇಲ್ಸೇತುವೆಯ ಕೆಳಗೆ ಟ್ರೈಪಾಡ್ ಊರಿದ ಹುಡುಗಿಗೂ ‘ಪರ್ಮಿಷನ್ ಎಲ್ಲಿ?’ ಎಂಬ ಪ್ರಶ್ನೆ ಎದುರಾಗುತ್ತದೆ. ಲಾಲ್‌ಬಾಗ್, ಕಬ್ಬನ್ ಪಾರ್ಕಿನಲ್ಲಿ ತೋಟಗಾರಿಕೆ ಇಲಾಖೆಯ ನಿಯಮವಿದೆ, ಅನುಮತಿ ಕೇಳುವುದು ಸರಿ. ಸಾರ್ವಜನಿಕ ರಸ್ತೆಯಲ್ಲಿ ನಿಂತು ರಸ್ತೆಯ ಚಿತ್ರ ತೆಗೆಯುವುದನ್ನೇ ಅಪರಾಧವೆಂದು ಹೇಳುವ ಸಾಮಾನ್ಯ ಕಾನೂನು ಯಾವುದೂ ಇಲ್ಲ.

ಪೊಲೀಸರದೇ ಫೋಟೊ, ವಿಡಿಯೊ ತೆಗೆಯುವಾಗ ಜಗಳ ಕಾವೇರುತ್ತದೆ. ‘ಏಯ್, ಡಿಲೀಟ್ ಮಾಡೋ’ ಎಂಬ ಮಾತು ಹೊರಡುತ್ತದೆ. ಇದನ್ನು ಸ್ವಲ್ಪ ನಿಧಾನಕ್ಕೆ ಯೋಚಿಸಿ. ಆ ಚಿತ್ರ ತೆಗೆದದ್ದು ಅಪರಾಧವಾದರೆ ಅದೇ ಸಾಕ್ಷ್ಯ, ಅದನ್ನು ಅಳಿಸುವಂತಿಲ್ಲ, ಫೋನನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಳ್ಳಬೇಕು. ಅಪರಾಧವಲ್ಲದಿದ್ದರೆ ಅಳಿಸು ಎನ್ನಲು ಆಧಾರವೇ ಇಲ್ಲ. ಎರಡರಲ್ಲಿ ಯಾವುದಾದರೂ ‘ಡಿಲೀಟ್’ ಎಂಬ ಆದೇಶ ನಿಲ್ಲುವುದಿಲ್ಲ.

ಮಹಾರಾಷ್ಟ್ರದ ವಾರ್ಧಾದಲ್ಲಿ ಠಾಣೆಯೊಳಗೆ ಮೊಬೈಲಿನಲ್ಲಿ ಚಿತ್ರೀಕರಿಸಿದ ಒಬ್ಬರ ಮೇಲೆ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಕೇಸು ಹಾಕಲಾಗಿತ್ತು. 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಪೊಲೀಸ್ ಠಾಣೆ ಆ ಕಾಯ್ದೆಯ ‘ನಿಷೇಧಿತ ಸ್ಥಳ’ ಅಲ್ಲ ಎಂದು ಹೇಳಿ ಕೇಸನ್ನು ರದ್ದು ಮಾಡಿತು. ಅದಕ್ಕೂ ಮೊದಲೇ, 2020ರ ಡಿಸೆಂಬರ್‌ನಲ್ಲಿ, ಪ್ರತಿ ಠಾಣೆಯಲ್ಲೂ ಧ್ವನಿ ಸಹಿತ ಸಿಸಿಟಿವಿ ಇರಬೇಕು ಎಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧ ಮತ್ತು ಜಪ್ತಿಯನ್ನು ಪೊಲೀಸರೇ ಧ್ವನಿ ಮತ್ತು ದೃಶ್ಯ ಸಮೇತ ದಾಖಲಿಸಬೇಕು, ಸಾಧ್ಯವಾದಷ್ಟೂ ಮೊಬೈಲಿನಲ್ಲೇ ಎನ್ನುತ್ತದೆ. ಕ್ಯಾಮೆರಾ ಇರಲಿ ಎಂದು ಕಾನೂನೇ ಕೇಳುತ್ತಿರುವಾಗ, ನಾಗರಿಕನ ಕೈಯಲ್ಲಿ ಅದು ಕಂಡರೆ ಸಿಟ್ಟೇಕೆ? ಕಾನ್‌ಸ್ಟೇಬಲ್‌ನ ಭಯ ನನಗೆ ಅರ್ಥವಾಗುತ್ತದೆ. ಹತ್ತು ನಿಮಿಷ ಬೈಗುಳ ತಿಂದು ಕೊನೆಗೆ ಕೈ ಎತ್ತಿದ ಮೂರು ಸೆಕೆಂಡು ಮಾತ್ರ ಊರೆಲ್ಲ ಹರಿದಾಡಿ, ಅವನ ಮಕ್ಕಳ ಶಾಲೆಯವರೆಗೂ ತಲುಪುತ್ತದೆ. ಅದಕ್ಕೆ ಮದ್ದು ಅವನದೇ ಎದೆಯ ಮೇಲಿನ ಬಾಡಿ ಕ್ಯಾಮೆರಾ. ಅದು ಪೂರ್ತಿ ಹತ್ತು ನಿಮಿಷವನ್ನೂ ಇಟ್ಟುಕೊಂಡಿರುತ್ತದೆ.

ಫೋನನ್ನು ಕಸಿದು ಗ್ಯಾಲರಿ, ವಾಟ್ಸ್‌ಆ್ಯಪ್ ತಡಕಾಡುವುದು ಇದಕ್ಕಿಂತ ಗಂಭೀರ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟೇ ತನಿಖೆಯಲ್ಲಿ ಫೋನು ಶೋಧಿಸಬೇಕಾದರೆ ಅನುಸರಿಸಬೇಕಾದ ಕ್ರಮವನ್ನು ಬಿಡಿಸಿ ಹೇಳಿತು. ದೊಡ್ಡ ಪ್ರಕರಣದ ಆರೋಪಿಗೇ ಇಷ್ಟು ಕ್ರಮವಿರುವಾಗ ಬಸ್ ಸ್ಟಾಪಿನಲ್ಲಿ ನಿಂತ ಹುಡುಗನ ಫೋನು ಯಾರ ಕೈಗೆ ಬೇಕಾದರೂ ಹೋಗುವಂತಿರಬಾರದು.

ಕ್ಯಾಮೆರಾದ ಇನ್ನೊಂದು ಮಗ್ಗುಲನ್ನು 2025ರಲ್ಲಿ ಇದೇ ನಗರ ನೋಡಿತು. ಮೆಟ್ರೊದಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಿಲ್ಲದೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುವ ಖಾತೆಗಳು ಹುಟ್ಟಿಕೊಂಡವು. ಹಾಗೆ ಚಿತ್ರಕ್ಕೆ ಸಿಕ್ಕ ಯುವತಿಯೊಬ್ಬರು ಆ ವಿಡಿಯೊದ ಕೆಳಗೆ ಬಂದ ಹೊಲಸು ಮಾತುಗಳನ್ನು ಬಹಿರಂಗವಾಗಿ ಹೇಳಿಕೊಂಡ ಮೇಲೆ ಪೊಲೀಸರು ಒಬ್ಬನನ್ನು ಬಂಧಿಸಿದರು. ರಸ್ತೆಯ ಚಿತ್ರ ತೆಗೆಯುವ ಸ್ವಾತಂತ್ರ್ಯವನ್ನು ನಾನು ಎಷ್ಟು ಗಟ್ಟಿಯಾಗಿ ಎತ್ತಿ ಹಿಡಿಯುತ್ತೇನೋ ಅಷ್ಟೇ ಗಟ್ಟಿಯಾಗಿ ಆ ಯುವತಿಯ ಪರವೂ ನಿಲ್ಲುತ್ತೇನೆ. ನಮ್ಮ ದುಡ್ಡಿನಲ್ಲಿ, ನಮ್ಮ ಹೆಸರಿನಲ್ಲಿ ಕೆಲಸ ಮಾಡುವ ಸಮವಸ್ತ್ರದವರ ಚಿತ್ರ ಬೇರೆ, ಮನೆಗೆ ಹೋಗುತ್ತಿರುವ ಹೆಣ್ಣಿನ ಸೊಂಟಕ್ಕೆ ಕ್ಯಾಮೆರಾ ಹಿಡಿಯುವುದು ಬೇರೆ. ಹೂವಿನ ಫೋಟೊ ತೆಗೆಯುವವರನ್ನು ಪ್ರಶ್ನಿಸುವ ಸಮಯದಲ್ಲಿ ಅರ್ಧವನ್ನಾದರೂ ಈ ಎರಡನೆಯದಕ್ಕೆ ಪೊಲೀಸರು ಕೊಟ್ಟರೆ ನಗರ ಅವರಿಗೆ ಕೃತಜ್ಞವಾಗಿರುತ್ತದೆ.

ಪೊಲೀಸರು ತಡೆದಾಗ ಏನು ಮಾಡಬೇಕು? ದನಿ ಏರಿಸಬೇಡಿ. ‘ಸರ್, ಯಾವ ಸೆಕ್ಷನ್?’ ಎಂದು ಕೇಳಿ. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಳ್ಳಿ; ಬಂಧಿಸುವ ಅಧಿಕಾರಿಯ ಹೆಸರು ಎದ್ದು ಕಾಣುವಂತಿರಬೇಕು ಎಂದು ಕಾನೂನೇ ಹೇಳುತ್ತದೆ. ದುಡ್ಡು ಕಟ್ಟಿದರೆ ರಸೀದಿ ಕೇಳಿ. ಬಂಧಿಸಿದರೆ ಕಾರಣ ಹೇಳಲೇಬೇಕು, ಮನೆಯವರಿಗೆ ತಿಳಿಸಲೇಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಅಪರೂಪದ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಅನ್ಯಾಯವಾದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರವಿದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ವ್ಯವಸ್ಥೆ ಅದು.

ಇಷ್ಟನ್ನು ಬರೆಯುತ್ತಿರುವಾಗಲೂ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದು ಕಟ್ಟಡದ ಕೆಲಸಕ್ಕೆ ನಿಂತ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ‘ಯಾವ ಸೆಕ್ಷನ್, ಸರ್?’ ಎಂದು ಅವನು ಕೇಳಿದರೆ ಕಪಾಳಕ್ಕೆ ಬೀಳಬಹುದು. ಪ್ರಶ್ನೆ ಕೇಳುವ ಭಾರವನ್ನು ಅವನ ತಲೆಯ ಮೇಲೇ ಹೊರಿಸಬಾರದು. ಪ್ರತಿ ವೈನ್ಸ್ ಅಂಗಡಿಯ ಗೋಡೆಯ ಮೇಲೂ ಒಂದು ಬೋರ್ಡು ಬರಲಿ. ಇಲ್ಲಿ ಹೊರಗೆ ನಿಂತು ಕುಡಿದರೆ ಈ ಸೆಕ್ಷನ್, ದಂಡ ಇಷ್ಟು, ಕಟ್ಟಬೇಕಾದ್ದು ಇಲ್ಲಿ, ರಸೀದಿ ಕೊಡದಿದ್ದರೆ ಫೋನು ಮಾಡಬೇಕಾದ ಸಂಖ್ಯೆ ಇದು ಎಂದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ, ಕೆಳಗೆ ಹಿಂದಿಯಲ್ಲಿ, ತೆಲುಗಿನಲ್ಲಿ ಬರೆಸಲಿ. ಒಂದು ಸುತ್ತೋಲೆಯಿಂದ ಆಗುವ ಕೆಲಸ ಅದು.