ಇನ್‌ವಾಯ್ಸ್ ಇಲ್ಲದ ಆಮದು: ಹಡಗಿನ ನೀರಿನಲ್ಲಿ ಬಂದ ಚಿಪ್ಪುಜೀವಿ

ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪ್ರತಿಯೊಂದು ಸರಕಿಗೂ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ ಹಾಗೂ ಸುಂಕದ ಘೋಷಣಾ ಪತ್ರಗಳಿರುತ್ತವೆ. ಇವಾವುದರಲ್ಲಿಯೂ ನಮೂದಾಗದೆ ಖಂಡಾಂತರ ಸಾಗಿದ ಜೀವಿ ಜೀಬ್ರಾ ಮಸಲ್. ಮೈಮೇಲೆ ಪಟ್ಟೆಗಳುಳ್ಳ, ಹೆಬ್ಬೆರಳಿನ ಉಗುರಿನಷ್ಟಿರುವ ಈ ಸಿಹಿನೀರಿನ ಚಿಪ್ಪುಜೀವಿಯ ಮೂಲನೆಲೆ ಕಪ್ಪು ಸಮುದ್ರ ಹಾಗೂ ಕ್ಯಾಸ್ಪಿಯನ್ ಸಮುದ್ರದ ಪ್ರದೇಶ. 1988ರಲ್ಲಿ ಅದು ಉತ್ತರ ಅಮೆರಿಕದ ಹ್ಯೂರನ್ ಮತ್ತು ಈರಿ ಮಹಾಸರೋವರಗಳ ನಡುವಿನ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು.

ಸರಕು ಇಳಿಸಿದ ಹಡಗು ಖಾಲಿಯಾಗಿ ಸಾಗಿದರೆ ಸಮತೋಲನ ತಪ್ಪುತ್ತದೆ. ಆದುದರಿಂದ ತಳದ ತೊಟ್ಟಿಗಳಿಗೆ ಬಂದರಿನ ನೀರನ್ನೇ ತುಂಬಿಕೊಂಡು ಹೊರಟು, ಮುಂದಿನ ಬಂದರಿನಲ್ಲಿ ಸರಕು ತುಂಬುವಾಗ ಅದನ್ನು ಹೊರಚೆಲ್ಲುವುದು ವಾಡಿಕೆ. ಇದುವೇ ಬ್ಯಾಲಾಸ್ಟ್ ನೀರು. ಕಣ್ಣಿಗೆ ಕಾಣದ ಮಸಲ್ ಮರಿಗಳು ಅದರಲ್ಲಿ ಪ್ರಯಾಣಿಸುತ್ತವೆ. 1959ರಲ್ಲಿ ತೆರೆದ ಸೇಂಟ್ ಲಾರೆನ್ಸ್ ಜಲಮಾರ್ಗವು ಸಾಗರದ ದೊಡ್ಡ ಹಡಗುಗಳಿಗೆ ಮಹಾಸರೋವರಗಳ ಬಾಗಿಲನ್ನು ತೆರೆಯಿತು. ಬೇಡದ ಅತಿಥಿಗೂ ಅದೇ ಬಾಗಿಲು.

ಒಂದು ಹೆಣ್ಣು ವರ್ಷಕ್ಕೆ ಲಕ್ಷಾಂತರ ಮೊಟ್ಟೆಗಳನ್ನಿಡುತ್ತದೆ. ಬೆಳೆದ ಮಸಲ್‌ಗಳು ನಾರಿನಂಥ ಎಳೆಗಳಿಂದ ಕೊಳವೆಗಳ ಒಳಗೋಡೆಗೆ ಅಂಟಿಕೊಂಡು, ಒಂದರ ಮೇಲೊಂದು ಪದರವಾಗಿ ನೀರಿನ ದಾರಿಯನ್ನೇ ಮುಚ್ಚುತ್ತವೆ. 1989ರಲ್ಲಿ ಮಿಷಿಗನ್ ರಾಜ್ಯದ ಮನ್ರೋ ನಗರದ ನೀರು ಪೂರೈಕೆಯೇ ಸ್ಥಗಿತಗೊಂಡಿತು. ವಿದ್ಯುತ್ ಸ್ಥಾವರಗಳೂ ಕೊಳವೆ ತೊಳೆಯಲು, ಕ್ಲೋರಿನ್ ಹಾಯಿಸಲು ನಿರಂತರ ವೆಚ್ಚ ಮಾಡಬೇಕಾಯಿತು. ಲೆಕ್ಕಪತ್ರದ ದೃಷ್ಟಿಯಿಂದ ಗಮನಾರ್ಹವಾದುದು ಇದು: ಬಾಡಿಗೆಯ ಲಾಭ ಹಡಗಿನವರಿಗೆ ಸಂದಿತು, ಖರ್ಚು ಮಾತ್ರ ನೀರಿನ ಬಿಲ್ಲು ಕಟ್ಟುವ ನಾಗರಿಕನ ಪಾಲಿಗೆ ಬಿದ್ದಿತು. ಯಾವ ಸಾಗಣೆ ದರದಲ್ಲಿಯೂ ಈ ಬಾಬು ಸೇರಿರಲಿಲ್ಲ.

ನಡುಸಮುದ್ರದಲ್ಲಿಯೇ ತೊಟ್ಟಿಯ ನೀರನ್ನು ಬದಲಿಸುವುದು ಮೊದಲ ಪರಿಹಾರವಾಯಿತು; ಉಪ್ಪುನೀರು ಸಿಹಿನೀರಿನ ಜೀವಿಗಳಿಗೆ ಮಾರಕ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2004ರಲ್ಲಿ ಅಂಗೀಕರಿಸಿದ ಬ್ಯಾಲಾಸ್ಟ್ ನೀರಿನ ಒಪ್ಪಂದ ಜಾರಿಗೆ ಬಂದುದು 2017ರ ಸೆಪ್ಟೆಂಬರ್ 8ರಂದು. ಹದಿಮೂರು ವರ್ಷ! ಅದರ ಮಾನದಂಡದಂತೆ, ಹೊರಬಿಡುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡದಾದ ಜೀವಂತ ಜೀವಿಗಳು ಹತ್ತಕ್ಕಿಂತ ಕಡಿಮೆಯಿರಬೇಕು. ಶುದ್ಧೀಕರಣ ಯಂತ್ರದ ವೆಚ್ಚ ಈಗ ಹಡಗಿನ ಮಾಲೀಕನದು. ತಡವಾದರೂ ಖರ್ಚು ಸರಿಯಾದ ಖಾತೆಗೆ ಸೇರಿದಂತಾಯಿತು.

ಆದರೆ ದಾರಿ ಹಡಗೊಂದೇ ಅಲ್ಲ. 2021ರಲ್ಲಿ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ, ಅಕ್ವೇರಿಯಂಗೆಂದು ಮಾರುತ್ತಿದ್ದ ಪಾಚಿಯುಂಡೆಗಳೊಳಗೆ ಜೀವಂತ ಜೀಬ್ರಾ ಮಸಲ್‌ಗಳು ಸಿಕ್ಕವು. 2024ರ ಅಕ್ಟೋಬರಿನಲ್ಲಿ ಏಷ್ಯಾ ಮೂಲದ ಗೋಲ್ಡನ್ ಮಸಲ್ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಬಂದರಿನಲ್ಲಿ ಕಾಣಿಸಿಕೊಂಡಿತು. ಉತ್ತರ ಅಮೆರಿಕದಲ್ಲಿ ಅದು ಪತ್ತೆಯಾದುದು ಅದೇ ಮೊದಲು.