ಗಾಡಿಯ ಬೆಲೆ ಇಳಿಯಿತು, ರಿಪೇರಿಯ ಬೆಲೆ ಇಳಿಯಲಿಲ್ಲ

ಸಿಂಧನೂರು, ಮಸ್ಕಿ, ಲಿಂಗಸುಗೂರು. ಈ ಮೂರು ಊರುಗಳನ್ನು ಪೋಣಿಸಿಕೊಂಡು ಹೋಗುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕವರಿಗೆ ಈಚೆಗೆ ಹೊಸ ನೋಟವೊಂದು ಕಾಣಸಿಗುತ್ತದೆ. ಭತ್ತದ ಲಾರಿ, ಹುಲ್ಲು ಹೇರಿದ ಟ್ರ್ಯಾಕ್ಟರು, ಕೂಲಿಯವರನ್ನು ತುಂಬಿಕೊಂಡ ಕ್ರೂಸರ್ ಇವುಗಳ ನಡುವೆ ಮೂರು ಮೂಲೆಯ ನಕ್ಷತ್ರದ ಬೆಂಜ್, ನೀಲಿ-ಬಿಳಿ ಬಿಲ್ಲೆಯ ಬಿಎಂಡಬ್ಲ್ಯು, ನಾಲ್ಕು ಬಳೆಯ ಔಡಿ! ನಂಬರ್ ಪ್ಲೇಟು ಕೆಲವಕ್ಕೆ ನಮ್ಮ ಕೆಎ-36, ಕೆಲವಕ್ಕೆ ಬೆಂಗಳೂರಿನದು, ಇನ್ನು ಕೆಲವಕ್ಕೆ ಪರರಾಜ್ಯದ್ದು.

"ಹೊಸ ಕ್ರೆಟಾ ರೊಕ್ಕದಾಗ ಹಳೇ ಬೆಂಜ್ ಬರ್ತದಂದ್ರ ಯಾಕ ಬಿಡಬೇಕ್ರಿ?" ಎಂಬುದು ಈಗ ಹೋಟೆಲ್ ಕಟ್ಟೆಯ ಮೇಲಿನ ಮಾತು. ಮಾತಿನಲ್ಲಿ ಸುಳ್ಳಿಲ್ಲ. ಬರ್ತದ. ಬಂದ ಮೇಲೆ ಏನಾಗ್ತದ ಎಂಬುದೇ ಇಂದಿನ ವಿಚಾರ.

ಜರ್ಮನಿ ನಮಗೆ ಹೊಸದಲ್ಲ

ಮೊದಲಿಗೆ ಒಂದು ತಪ್ಪು ತಿಳುವಳಿಕೆ ಹೋಗಬೇಕು. ಜರ್ಮನ್ ಯಂತ್ರ ಈ ಭಾಗಕ್ಕೆ ಈಗ ಬಂದದ್ದಲ್ಲ. 1954ರಲ್ಲಿ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಿತು. 1969ರವರೆಗೆ ಟಾಟಾ ಲಾರಿಯ ಮೂತಿಯ ಮೇಲೆ ಇದ್ದದ್ದು ಇದೇ ಬೆಂಜ್ ನಕ್ಷತ್ರ. 1951ರಲ್ಲಿ ಶುರುವಾದ ಮೈಕೋ ಕಂಪನಿ ಜರ್ಮನಿಯ ಬಾಷ್ ಕಂಪನಿಯ ಕೂಸು. ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಾದ ಮೈಕೋ ಪಂಪ್, ಮೈಕೋ ನಾಜಲ್ ಕಾಣದ ಟ್ರ್ಯಾಕ್ಟರ್ ಮೆಕ್ಯಾನಿಕ್ ಈ ಸೀಮೆಯಲ್ಲಿ ಉಂಟೆ? 2008ರಲ್ಲಿ ಕಂಪನಿಯ ಹೆಸರೇ ಬಾಷ್ ಎಂದಾಯಿತು. ಆದರೂ ನಮ್ಮವರ ಬಾಯಲ್ಲಿ ಇನ್ನೂ ಮೈಕೋನೇ.

ನಾವು 'ಟೆಂಪೋ' ಎನ್ನುವ ಶಬ್ದವೇ ಜರ್ಮನಿಯ ಹ್ಯಾಂಬರ್ಗ್ ಕಡೆಯ ಕಂಪನಿಯೊಂದರ ಗಾಡಿಯ ಹೆಸರು. ಪುಣೆಯ ಬಜಾಜ್ ಟೆಂಪೋ 1980ರ ದಶಕದಲ್ಲಿ ಬೆಂಜಿನ ಓಎಂ-616 ಎಂಬ ಡೀಸೆಲ್ ಎಂಜಿನನ್ನು ಇಲ್ಲೇ ತಯಾರಿಸಿ ಮ್ಯಾಟಡೋರಿಗೂ, ಆಮೇಲೆ ಟ್ರ್ಯಾಕ್ಸಿಗೂ ಕೂರಿಸಿತು. ಬಸ್ಸು ತಪ್ಪಿದ ದಿನ ಟ್ರ್ಯಾಕ್ಸಿನ ಹಿಂದಿನ ಸೀಟಿನಲ್ಲಿ ಹತ್ತು ಜನರ ನಡುವೆ ಇರುಕಿಕೊಂಡು ಮಸ್ಕಿಗೆ ಹೋದವರೆಲ್ಲ ಒಂದು ಲೆಕ್ಕದಲ್ಲಿ ಬೆಂಜಿನಲ್ಲೇ ಹೋದವರು!

ಅದೇ ಎಂಜಿನು ಜರ್ಮನಿಯಲ್ಲಿ 240-ಡಿ ಎಂಬ ಕಾರಿನಲ್ಲಿತ್ತು. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಚಿನಿಡಿಸ್ ಎಂಬವರು ತಮ್ಮ 1976ರ 240-ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಬೆಂಜ್ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಆದರೆ ಒಂದೇ ಎಂಜಿನು ಅಷ್ಟು ದೂರ ಓಡಲಿಲ್ಲ. ಬಿಚ್ಚಿ, ಬದಲಿಸಿ, ಮತ್ತೆ ಕೂರಿಸಿ ಓಡಿಸಿದರು. ಗಾಡಿ ಬಾಳಿದ್ದು ರಿಪೇರಿಯ ಬಲದಿಂದ.

ಮಾತಿನ ಮರ್ಮ ಇಲ್ಲಿದೆ. ಮೈಕೋ ಪಂಪೂ ಟ್ರ್ಯಾಕ್ಸ್ ಎಂಜಿನೂ ಈ ನೆಲದಲ್ಲಿ ಬಾಳಿದ್ದು ಅವನ್ನು ನಮ್ಮೂರ ಹುಡುಗ ಪಾನಾ ಹಿಡಿದು ಬಿಚ್ಚಬಲ್ಲ ಎಂಬ ಕಾರಣಕ್ಕೆ. ಇಂದಿನ ಐಷಾರಾಮಿ ಕಾರು ಹಾಗಲ್ಲ.

ಅಗ್ಗ ಯಾಕೆ ಸಿಗುತ್ತದೆ?

ಬೆಂಜ್ ಕಾರು ಪುಣೆಯಲ್ಲಿ ತಯಾರಾಗತೊಡಗಿದ್ದು 1995ರಲ್ಲಿ. 2007ರಲ್ಲಿ ಬಿಎಂಡಬ್ಲ್ಯು ಚೆನ್ನೈ ಬಳಿ ಕಾರ್ಖಾನೆ ತೆರೆಯಿತು. ಅದೇ ಕಾಲಕ್ಕೆ ಔಡಿಯೂ ಬಂತು. ದೊಡ್ಡ ನಗರದ ಕಂಪನಿ ಅಧಿಕಾರಿಗಳು, ವ್ಯಾಪಾರಸ್ಥರು ಕೊಂಡು ನಾಲ್ಕೈದು ವರ್ಷ, ವಾರಂಟಿ ಮುಗಿಯುವ ತನಕ, ಓಡಿಸಿ ಮಾರುತ್ತಾರೆ. ವಾರಂಟಿ ಮುಗಿದ ಗಾಡಿಗೆ ಬೆಲೆ ಭರ್ರನೆ ಇಳಿಯುತ್ತದೆ.

ಇನ್ನೊಂದು ಕಾರಣ ದಿಲ್ಲಿ. 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ಬಿಗಿ ಸಡಿಲವಾಯಿತಾದರೂ, ಅಷ್ಟರಲ್ಲಿ ಅಲ್ಲಿನ ಗಾಡಿಗಳು ಅಗ್ಗದ ದರಕ್ಕೆ ಬೇರೆ ರಾಜ್ಯಗಳ ದಾರಿ ಹಿಡಿದಾಗಿತ್ತು.

ಹೀಗೆ 60 ಲಕ್ಷದ ಗಾಡಿ ಹತ್ತು-ಹನ್ನೆರಡು ಲಕ್ಷಕ್ಕೆ ಇಳಿಯಿತೆನ್ನಿ. ಕೊಳ್ಳುವವರು ಒಂದು ಸಂಗತಿ ಮರೆಯುತ್ತಾರೆ. ಇಳಿದದ್ದು ಗಾಡಿಯ ಬೆಲೆ ಮಾತ್ರ. ಅದರ ಬಿಡಿಭಾಗದ ಬೆಲೆ ಇನ್ನೂ 60 ಲಕ್ಷದ ಗಾಡಿಯ ಬೆಲೆಯೇ. ಹೆಡ್‌ಲೈಟಿಗೆ, ಗೇರ್‌ಬಾಕ್ಸಿಗೆ, ಸಸ್ಪೆನ್ಷನ್ನಿಗೆ ನೀವು ಎರಡನೇ ಮಾಲೀಕರೋ ನಾಲ್ಕನೇ ಮಾಲೀಕರೋ ಗೊತ್ತಿಲ್ಲ.

ಕೆಡುವುದು ಏನೇನು?

ಕೆಲವು ದೊಡ್ಡ ಕಾರುಗಳಿಗೆ ಸ್ಪ್ರಿಂಗಿನ ಬದಲು ಗಾಳಿಚೀಲದ ಸಸ್ಪೆನ್ಷನ್ ಇರುತ್ತದೆ. ಆ ಚೀಲ ರಬ್ಬರಿನದು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ರಬ್ಬರು ಒಡೆಯುತ್ತದೆ, ಗಾಳಿ ಸೋರುತ್ತದೆ, ಬೆಳಿಗ್ಗೆ ನೋಡಿದರೆ ಗಾಡಿ ಒಂದು ಕಡೆ ಮಂಡಿಯೂರಿ ಕೂತ ಎತ್ತಿನಂತೆ ಕೂತಿರುತ್ತದೆ. ಸೋರುವ ಚೀಲ ಸುಮ್ಮನಿರುವುದಿಲ್ಲ, ಗಾಳಿ ತುಂಬುವ ಕಂಪ್ರೆಸರನ್ನೂ ದುಡಿಸಿ ದುಡಿಸಿ ಸುಡುತ್ತದೆ. ನಾಲ್ಕೂ ಚಕ್ರದ ಲೆಕ್ಕ ಸಾವಿರದಲ್ಲಿ ಮುಗಿಯದು, ಲಕ್ಷದಲ್ಲಿ.

2007ರಿಂದ ಕೆಲವು ವರ್ಷ ಬಿಎಂಡಬ್ಲ್ಯು ತಯಾರಿಸಿದ ಎನ್-47 ಡೀಸೆಲ್ ಎಂಜಿನಿನಲ್ಲಿ ಟೈಮಿಂಗ್ ಚೈನು ಹಿಂದುಗಡೆ, ಗೇರ್‌ಬಾಕ್ಸಿನ ಮಗ್ಗುಲಿಗಿದೆ. ಅದು ಸವೆಯುವ, ಕಡಿಯುವ ದೂರು ಹಲವು ದೇಶಗಳಿಂದ ಬಂತು. ಚೈನು ಸಣ್ಣದು. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸೋ ಎಂಜಿನೋ ಕೆಳಗಿಳಿಯಬೇಕು. ಕಡಿದುಹೋದರೆ ಎಂಜಿನಿನ ಕತೆಯೇ ಮುಗಿಯಿತು.

ಬಹಳಷ್ಟು ಬಿಎಂಡಬ್ಲ್ಯು ಕಾರುಗಳಿಗೆ ಸ್ಟೆಪ್ನಿ ಇಲ್ಲ! ಗಾಳಿ ಹೋದರೂ ಒಂದಷ್ಟು ದೂರ ಓಡುವ 'ರನ್‌ಫ್ಲಾಟ್' ಟೈರು ಇರುತ್ತದೆ. ಗಡುಸು ಟೈರು, ಗಿಡ್ಡ ಪಕ್ಕೆ. ತಗ್ಗಿಗೆ ಬಿದ್ದರೆ ಟೈರಿನ ಜೊತೆ ಅಲಾಯ್ ಚಕ್ರವೂ ಸೀಳುತ್ತದೆ. ರಾತ್ರಿ ಹತ್ತಕ್ಕೆ ಮಸ್ಕಿಯಲ್ಲಿ ಪಂಕ್ಚರ್ ಅಂಗಡಿ ಸಿಕ್ಕೀತು, ಆ ಅಳತೆಯ ಟೈರು ಸಿಕ್ಕೀತೇ?

ಈಚಿನ ಡೀಸೆಲ್ ಕಾರಿಗೆ ಹೊಗೆಯ ಮಸಿ ಹಿಡಿಯುವ ಜರಡಿಯೊಂದಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಂತೂ ಇದ್ದೇ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ಓಟಕ್ಕೆ ಓಡಿದರೆ ಮಸಿ ಸುಟ್ಟು ಜರಡಿ ಸ್ವಚ್ಛವಾಗುತ್ತದೆ. ಮನೆಯಿಂದ ಗಂಜಿಗೆ, ಗಂಜಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ ಎಂದು ಎರಡು ಮೈಲಿ ಓಡಿಸುವ ಸಾಹುಕಾರರ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಇನ್ನು ಇಲಿ! ನಗಬೇಡಿ. ಭತ್ತದ ಗೋದಾಮಿನ ಪಕ್ಕ ನಿಲ್ಲುವ ಕಾರಿಗೆ ಇಲಿಯೇ ದೊಡ್ಡ ವೈರಿ. ಟ್ರ್ಯಾಕ್ಟರಿನಲ್ಲಿ ಇಲಿ ಕಡಿಯಲು ಎಷ್ಟು ವೈರಿದೆ? ಈ ಕಾರಿನಲ್ಲಿ ಅದು ಜಡೆ ಜಡೆಯಾಗಿ ಹರಿದಿದೆ. ಒಂದು ತುಂಡಾದರೆ ಮುಂದಿನ ಫಲಕದಲ್ಲಿ ದೀಪಾವಳಿ.

ಕೈ ಹಾಕುವವರು ಯಾರು?

ನಮ್ಮ ಮೂರೂ ಊರಲ್ಲಿ ಒಳ್ಳೊಳ್ಳೆಯ ಮೆಕ್ಯಾನಿಕ್‌ಗಳಿದ್ದಾರೆ. ಟ್ರ್ಯಾಕ್ಟರ್ ಎಂಜಿನ್ ಕಣ್ಣು ಮುಚ್ಚಿ ಕಟ್ಟುತ್ತಾರೆ. ಆದರೆ ಈ ಕಾರಿನ ರೋಗ ಹೇಳಬೇಕಾದ್ದು ಕಂಪ್ಯೂಟರು. ಬ್ಯಾಟರಿ ಬದಲಿಸಿದರೂ ಕೆಲವು ಕಾರಿನಲ್ಲಿ ಆ ಸುದ್ದಿಯನ್ನು ಕಂಪ್ಯೂಟರಿಗೆ ತಿಳಿಸಬೇಕು. ಆ ಕಂಪನಿಗೆ ತಕ್ಕ ಸ್ಕ್ಯಾನರ್ ಬೇಕು, ಭಾಗ ತರಿಸಬೇಕು. ಅದಕ್ಕೆ ಹೈದರಾಬಾದ್, ಇಲ್ಲ ಬೆಂಗಳೂರು. ಸಿಂಧನೂರಿನಿಂದ ಬೆಂಗಳೂರು ಹತ್ತಿರ ಹತ್ತಿರ 400 ಕಿಲೋಮೀಟರ್. ಕೆಟ್ಟ ಗಾಡಿಯನ್ನು ಲಾರಿಯ ಮೇಲೆ ಹೇರಿ ಕಳಿಸುವ ಬಾಡಿಗೆ ಬೇರೆ, ಅಲ್ಲಿ ವಾರಗಟ್ಟಲೆ ನಿಂತರೆ ಹೋಗಿ ಬರುವ ಖರ್ಚು ಬೇರೆ. ಬೆಂಜಿನ ಮಾಲೀಕರು ಆ ದಿನಗಳಲ್ಲಿ ನಮ್ಮ ಜೊತೆ ಕೆಂಪು ಬಸ್ಸಿನಲ್ಲೇ!

ಇದರಲ್ಲಿ ಕಂಪನಿಗಳ ಪಾಲೂ ಇದೆ. ಬಿಡಿಭಾಗಗಳನ್ನೂ ರಿಪೇರಿಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿವೆಯೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಪಟ್ಟಿಯಲ್ಲಿ ಬೆಂಜ್, ಬಿಎಂಡಬ್ಲ್ಯು ಇದ್ದವು, ನಮ್ಮ ದೇಶದ ಕಂಪನಿಗಳೂ ಇದ್ದವು. ಕಂಪನಿಗಳು ಮೇಲ್ಮನವಿ ಹೋದವು. ನಮ್ಮೂರ ಮೆಕ್ಯಾನಿಕ್ ಕೈಗೆ ಆ ಉಪಕರಣ ಸಲೀಸಾಗಿ ಬರುವ ತನಕ ಈ ಗಾಡಿ ಇಲ್ಲಿ ಪರದೇಶಿಯೇ.

ತೆರಿಗೆ, ವಿಮೆ

ಪರರಾಜ್ಯದ ಗಾಡಿ ಹನ್ನೆರಡು ತಿಂಗಳಿಗೆ ಮೇಲೆ ಇಲ್ಲಿ ಇರಬೇಕೆಂದರೆ ಇಲ್ಲಿನ ನಂಬರು ಪಡೆಯಬೇಕು, ಜೀವಿತಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಈ ತೆರಿಗೆ ನೂರಕ್ಕೆ 18. ಹಳೆಯ ಗಾಡಿಗೆ ವಯಸ್ಸಿನ ಮೇಲೆ ರಿಯಾಯಿತಿ ಉಂಟು. ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಇಲ್ಲೂ ಅದೇ ಕತೆ.

"ಇನ್ಸೂರೆನ್ಸ್ ಐತಲ್ರಿ" ಎನ್ನುವವರಿದ್ದಾರೆ. ಸಾಮಾನ್ಯ ವಿಮೆ ಕೊಡುವುದು ಅಪಘಾತಕ್ಕೆ, ಕಳವಿಗೆ. ಸವೆತಕ್ಕೆ, ತಾನಾಗಿ ಕೆಟ್ಟದ್ದಕ್ಕೆ ಕೊಡುವುದಿಲ್ಲ. ಅಪಘಾತದಲ್ಲೂ ರಬ್ಬರು, ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆ ಕಡಿತ. 10 ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೂ ಅರ್ಧವೇ. ಕಡಿತವಿಲ್ಲದ ವಿಮೆ ಹಳೆಯ ಗಾಡಿಗೆ ಸಿಗುವುದು ಕಷ್ಟ.

ಕಾಲುವೆ ನೀರು, ಗ್ಯಾರೇಜಿನ ಬಿಲ್ಲು

ನಮ್ಮ ಕಡೆಯ ದುಡ್ಡು ತಿಂಗಳ ಪಗಾರದ ದುಡ್ಡಲ್ಲ. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ, ಲಿಂಗಸುಗೂರು ಕಡೆಗೆ ನಾರಾಯಣಪುರ ಬಲದಂಡೆ. ನೀರು ಬಂದರೆ ರೊಕ್ಕ. 2023ರಲ್ಲಿ ಬರ ಬಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಈ ಸೀಮೆಯೇ ನಿದ್ದೆಗೆಟ್ಟಿತು. ಬೆಳೆ ಕೈಕೊಟ್ಟ ವರ್ಷ ಗೊಬ್ಬರದಂಗಡಿಯವರಿಗೆ ಉದ್ದರಿ ವಸೂಲಿಲ್ಲ, ಬಟ್ಟೆಯಂಗಡಿಗೆ ಗಿರಾಕಿ ಇಲ್ಲ. ಗ್ಯಾರೇಜಿನ ಬಿಲ್ಲು ಮಾತ್ರ ಹಂಗಾಮು ನೋಡಿ ಬರುವುದಿಲ್ಲ. ಆಗ ರಿಪೇರಿಗೆ ಹೋಗುವುದು ಅಂಗಡಿಯ ಬಂಡವಾಳ. ಕಪಾಟಿನ ಸರಕು ಕರಗಿ ಕಾರಿನ ಹೊಟ್ಟೆ ಸೇರಿದರೆ, ಹಿಂದೆಯೇ ಕೆಲಸದ ಹುಡುಗನ ಸಂಬಳಕ್ಕೂ ಕತ್ತರಿ ಬೀಳುತ್ತದೆ. ಹೀಗಾಗಿ ಇದು ಒಬ್ಬ ಸಾಹುಕಾರರ ಶೋಕಿಯ ವಿಚಾರವಷ್ಟೇ ಅಲ್ಲ.

ಹಾಗಾದರೆ ಕೊಳ್ಳಲೇಬಾರದೇ?

ಹಾಗೇನಿಲ್ಲ. ಗಟ್ಟಿ ಗಾಡಿ, ಭದ್ರವಾದ ಗಾಡಿ, ದೂರದ ಓಟಕ್ಕೆ ಅದರ ಸುಖವೇ ಬೇರೆ. ಆಸೆಪಡುವುದು ತಪ್ಪಲ್ಲ. ಮೊದಲು ನಾಲ್ಕು ಕೆಲಸ ಮಾಡಿ.

ಒಂದು, ಸರ್ವಿಸಿನ ಪೂರ್ತಿ ದಾಖಲೆ ಕೇಳಿ. ದಾಖಲೆಯಿಲ್ಲದ ಗಾಡಿ ಎಷ್ಟು ಹೊಳೆದರೂ ಬೇಡ. ಎರಡು, ಆ ಕಂಪನಿಯ ಕಾರು ಬಲ್ಲ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿ, ಮೇಲೆತ್ತಿಸಿ ಅಡಿ ನೋಡಿ. ಮೀಟರಿನ ಕಿಲೋಮೀಟರ್ ನಂಬಬೇಡಿ, ದಾಖಲೆಯದರ ಜೊತೆ ತಾಳೆ ಹಾಕಿ. ಮೂರು, ಪರರಾಜ್ಯದ್ದಾದರೆ ಆರ್‌ಟಿಒ ನಿರಾಕ್ಷೇಪಣಾ ಪತ್ರ, ಸಾಲ ತೀರಿದ ಪತ್ರ ನೋಡಿ, ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ನಾಲ್ಕನೆಯದೇ ಮುಖ್ಯ. ಕೈಯಲ್ಲಿ 12 ಲಕ್ಷ ಇದ್ದರೆ 12 ಲಕ್ಷದ ಗಾಡಿ ಕೊಳ್ಳಬೇಡಿ. ಎಂಟಕ್ಕೋ ಒಂಬತ್ತಕ್ಕೋ ಮುಗಿಸಿ, ಉಳಿದದ್ದನ್ನು ರಿಪೇರಿಗೆಂದೇ ಬ್ಯಾಂಕಿನಲ್ಲಿಡಿ. ಸಾಲ ತೆಗೆದು ಹಳೆ ಬೆಂಜ್ ಕೊಳ್ಳುವ ಮಾತಂತೂ ಬೇಡವೇ ಬೇಡ.

ಎತ್ತು ಕೊಳ್ಳುವಾಗ ಹಲ್ಲು ನೋಡುವ ನಮ್ಮ ಜನ, ಅದರ ಮೇವಿನ ಲೆಕ್ಕವನ್ನೂ ಆಗಲೇ ಹಾಕುತ್ತಾರೆ. ಕಾರಿಗೂ ಅದೇ ಬುದ್ಧಿ ಸಾಕು. 60 ಲಕ್ಷದ ಎತ್ತು 12 ಲಕ್ಷಕ್ಕೆ ಸಿಕ್ಕಿತೆಂದು ಅದು ತಿನ್ನುವ ಹುಲ್ಲು ಕಡಿಮೆಯಾಗುವುದಿಲ್ಲ.